ಕೊಳವೆ ಅನಿಲವೂ ಕೇರಿಯ ಹೋಟಲುಗಳೂ: ಫಲಪರೀಕ್ಷೆಯ ಕ್ರಮ

ಒಂದು ಊರಿನಲ್ಲಿ ಕೊಳವೆ ಅನಿಲದ ಯೋಜನೆಯು ಎಷ್ಟರಮಟ್ಟಿಗೆ ಸಫಲವಾಯಿತೆಂದು ಕೇಳಿದರೆ ಸಾಮಾನ್ಯವಾಗಿ ಎರಡು ಸಂಖ್ಯೆಗಳು ಉತ್ತರವಾಗಿ ದೊರೆಯುತ್ತವೆ: ನೆಲದೊಳಗೆ ಹೂಳಿದ ಕೊಳವೆಯ ಉದ್ದ ಇಷ್ಟು ಕಿಲೋಮೀಟರು, ಕೊಟ್ಟ ಸಂಪರ್ಕಗಳು ಇಷ್ಟು ಸಾವಿರ. ಈ ಸಂಖ್ಯೆಗಳು ಸುಳ್ಳಲ್ಲ. ಆದರೆ ಇವು ಯೋಜನೆಯನ್ನು ನಡೆಸಿದವರ ದುಡಿಮೆಯನ್ನು ಅಳೆಯುವುವೇ ಹೊರತು, ಅನಿಲವನ್ನು ಕೊಂಡವರಿಗಾದ ಪ್ರಯೋಜನವನ್ನು ತಿಳಿಸಲಾರವು. ಮನೆಗಳ ವಿಷಯದಲ್ಲಿ ಈ ಕೊರತೆಯು ಅಷ್ಟಾಗಿ ಬಾಧಕವಲ್ಲ. ದಿನಕ್ಕೆ ಹತ್ತು ಹನ್ನೆರಡು ತಾಸು ಒಲೆ ಉರಿಸಿ ಅದರಿಂದಲೇ ಜೀವನ ಸಾಗಿಸುವ ಸಣ್ಣ ಉಪಾಹಾರ ಗೃಹಗಳು, ಖಾನಾವಳಿಗಳು, ಮಿಠಾಯಿ ಅಂಗಡಿಗಳು, ಬೇಕರಿಗಳು ಇವುಗಳ ವಿಷಯದಲ್ಲಿ ಮಾತ್ರ ಅದು ದೊಡ್ಡ ಕೊರತೆ. ಅಲ್ಲಿ ಇಂಧನದ ವೆಚ್ಚವು ನೇರವಾಗಿ ಇಡ್ಲಿಯ ಬೆಲೆಯನ್ನೂ ಮಾಲಿಕನ ಸಂಪಾದನೆಯನ್ನೂ ಮುಟ್ಟುತ್ತದೆ. ಇಂತಹ ಅಡಿಗೆಮನೆಗಳಿಗೆ ಕೊಳವೆ ಅನಿಲದ ಯೋಜನೆಯಿಂದಾದ ಫಲವನ್ನು ಯಾವ ಕ್ರಮದಿಂದ ಪರೀಕ್ಷಿಸಬೇಕೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಉದಾಹರಣೆಗೆ ಮುಖ್ಯವಾಗಿ ಬೆಂಗಳೂರನ್ನು ತೆಗೆದುಕೊಳ್ಳಲಾಗಿದೆ.

೧. ಒಂದು ಹೆಸರು, ಎರಡು ಪದಾರ್ಥ

ವಿಚಾರಕ್ಕೆ ಮೊದಲು ಶಬ್ದವನ್ನು ತಿಳಿಮಾಡಿಕೊಳ್ಳುವುದು ಯುಕ್ತ. ‘ಗ್ಯಾಸ್’ ಎಂಬ ಮಾತನ್ನು ಹದಿನೇಳನೆಯ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ಶಾಸ್ತ್ರಜ್ಞನು ಗ್ರೀಕರ ‘ಖೇಯಾಸ್’ ಶಬ್ದವನ್ನು ಆಧರಿಸಿ ಕಲ್ಪಿಸಿದನು. ಕನ್ನಡದ ಶಾಸ್ತ್ರಬರಹದಲ್ಲಿ ಇದಕ್ಕೆ ನಿಂತ ‘ಅನಿಲ’ವು ಸಂಸ್ಕೃತದಲ್ಲಿ ಗಾಳಿಯ ಹೆಸರು, ಉಸಿರಾಡು ಎಂಬ ಅರ್ಥದ ‘ಅನ್’ ಧಾತುವಿನಿಂದ ಬಂದುದು. ಅಡಿಗೆಮನೆಯಲ್ಲಿ ಮಾತ್ರ ಜನರು ಸಿಲಿಂಡರಿನಲ್ಲಿ ಬರುವುದನ್ನೂ ಕೊಳವೆಯಲ್ಲಿ ಬರುವುದನ್ನೂ ಒಂದೇ ಹೆಸರಿನಿಂದ ‘ಗ್ಯಾಸ್’ ಎಂದೇ ಕರೆಯುತ್ತಾರೆ. ಹೆಸರು ಒಂದಾದುದರಿಂದ ವಸ್ತುವೂ ಒಂದೇ ಎಂಬ ಭ್ರಮೆ ಹುಟ್ಟುವುದು ಸಹಜ.

ವಾಸ್ತವದಲ್ಲಿ ಇವೆರಡೂ ಬೇರೆ ಪದಾರ್ಥಗಳು. ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಒತ್ತಡದಿಂದ ದ್ರವವಾಗಿ ತುಂಬಿದ ಇದನ್ನು ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಮನೆಯ ಸಿಲಿಂಡರಿನಲ್ಲಿ ೧೪.೨ ಕಿಲೋಗ್ರಾಂ, ವಾಣಿಜ್ಯ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ೧೯ ಕಿಲೋಗ್ರಾಂ ಇರುವುದು. ಕೊಳವೆಯಲ್ಲಿ ಬರುವುದು ಬಹುಮಟ್ಟಿಗೆ ಮೀಥೇನ್. ಇದನ್ನು ಅನಿಲರೂಪದಲ್ಲಿಯೇ ಮೀಟರಿನಿಂದ ಅಳೆದು ಘನಮೀಟರಿನ ಲೆಕ್ಕದಲ್ಲಿ ಮಾರುತ್ತಾರೆ. ಮೊದಲನೆಯದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ; ಎರಡನೆಯದರ ಭಾರ ಗಾಳಿಯ ಸುಮಾರು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಒಂದೇ ಗಾತ್ರದಲ್ಲಿ ಸಿಲಿಂಡರಿನ ಅನಿಲವು ನೈಸರ್ಗಿಕ ಅನಿಲದ ಎರಡೂವರೆ ಪಟ್ಟಿಗೂ ಮಿಕ್ಕಿ ಶಾಖವನ್ನು ಕೊಡುತ್ತದೆ. ಮುಂದೆ ಹೇಳುವ ಬೆಲೆಯ ಹೋಲಿಕೆ, ಒಲೆಯ ಮಾರ್ಪಾಟು, ಅಪಾಯದ ಸ್ವರೂಪ ಇವೆಲ್ಲಕ್ಕೂ ಈ ಭೇದವೇ ಮೂಲ.

೨. ಕೊಳವೆಯು ಬಂದ ಬಗೆ

ಭಾರತದ ನಗರಗಳಿಗೆ ಕೊಳವೆಯ ಅನಿಲವು ಹೊಸತಲ್ಲ. ೧೮೫೭ರಲ್ಲಿಯೇ ಕಲ್ಕತ್ತೆಯ ಬೀದಿಗಳಲ್ಲಿ ಕಲ್ಲಿದ್ದಲಿನಿಂದ ತೆಗೆದ ಅನಿಲದ ದೀಪಗಳು ಉರಿದವು. ನೈಸರ್ಗಿಕ ಅನಿಲವನ್ನು ಮನೆಗಳಿಗೆ ಒದಗಿಸುವ ಕೆಲಸವು ೧೯೭೨ರಲ್ಲಿ ವಡೋದರೆಯ ನಗರಸಭೆಯಿಂದ ಪ್ರಾರಂಭವಾಯಿತು. ಮುಂಬಯಿಯ ಮಹಾನಗರ ಗ್ಯಾಸ್ ಸಂಸ್ಥೆಯು ೧೯೯೫ರಲ್ಲಿಯೂ ದೆಹಲಿಯ ಇಂದ್ರಪ್ರಸ್ಥ ಗ್ಯಾಸ್ ಸಂಸ್ಥೆಯು ೧೯೯೮ರಲ್ಲಿಯೂ ಸ್ಥಾಪಿತವಾದವು. ೨೦೦೬ರ ಶಾಸನದ ಮೇರೆಗೆ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯು ಏರ್ಪಟ್ಟ ಮೇಲೆ, ದೇಶವನ್ನು ಭೌಗೋಳಿಕ ಪ್ರದೇಶಗಳಾಗಿ ವಿಂಗಡಿಸಿ, ಸ್ಪರ್ಧೆಯ ಮೂಲಕ ಒಂದೊಂದು ಪ್ರದೇಶವನ್ನು ಒಂದೊಂದು ಸಂಸ್ಥೆಗೆ ವಹಿಸಿಕೊಡುವ ಪದ್ಧತಿ ಬಂದಿತು.

ಕರ್ನಾಟಕಕ್ಕೆ ಅನಿಲವು ಎರಡು ದಾರಿಗಳಿಂದ ಬರುತ್ತದೆ. ಮಹಾರಾಷ್ಟ್ರದ ಕರಾವಳಿಯ ದಾಭೋಳದಿಂದ ಬೆಳಗಾವಿ, ಧಾರವಾಡ ಸೀಮೆಗಳನ್ನು ಹಾಯ್ದು ಬೆಂಗಳೂರಿಗೆ ಬರುವ ಸುಮಾರು ಒಂದು ಸಾವಿರ ಕಿಲೋಮೀಟರಿನ ಕೊಳವೆಯು ೨೦೧೩ರಲ್ಲಿ ಕಾರ್ಯಾರಂಭಿಸಿತು. ಕೊಚ್ಚಿಯಿಂದ ಮಂಗಳೂರಿಗೆ ಬರುವ ೪೫೦ ಕಿಲೋಮೀಟರಿನ ಕೊಳವೆಯು ೨೦೨೧ರ ಜನವರಿ ೫ರಂದು ಲೋಕಾರ್ಪಣವಾಯಿತು. ಬೆಂಗಳೂರಿನ ಬೀದಿಗಳಲ್ಲಿ ವಿತರಣೆಯ ಹೊಣೆ ಗೇಲ್ ಗ್ಯಾಸ್ ಸಂಸ್ಥೆಯದು.

ಈ ಪದ್ಧತಿಯಲ್ಲಿ ಗಮನಿಸಬೇಕಾದ ಒಂದು ಅಂಶವುಂಟು. ಪರವಾನಗಿಯನ್ನು ಕೊಡುವಾಗ ಸಂಸ್ಥೆಯ ಮೇಲೆ ವಿಧಿಸುವ ಕನಿಷ್ಠ ಕಾರ್ಯಕ್ರಮದಲ್ಲಿ ಮನೆಗಳ ಸಂಪರ್ಕಗಳ ಸಂಖ್ಯೆಯೂ ಕೊಳವೆಯ ಉದ್ದವೂ ಮುಖ್ಯವಾಗಿ ಸೇರಿವೆ. ಸಣ್ಣ ಹೋಟಲುಗಳಿಗೆ ಇಷ್ಟೇ ಸಂಪರ್ಕ ಕೊಡಬೇಕೆಂಬ ಕಟ್ಟಳೆಯು ಅದರ ಮುಖ್ಯ ಅಂಗವಾಗಿಲ್ಲ. ಆದಕಾರಣ ಯಾವ ಹೋಟಲಿಗೆ ಕೊಳವೆ ಬರುವುದು, ಯಾವುದಕ್ಕೆ ಬಾರದು ಎಂಬುದು ಬಹುಮಟ್ಟಿಗೆ ವ್ಯಾಪಾರದ ಲೆಕ್ಕಾಚಾರದಿಂದ ನಿರ್ಣಯವಾಗುತ್ತದೆ.

೩. ಬೆಲೆಯ ಹೋಲಿಕೆ

ಬೆಲೆಯ ವಿಷಯದಲ್ಲಿ ಮೊದಲು ಬಿಡಬೇಕಾದ ತಪ್ಪು ಕಲ್ಪನೆಯೆಂದರೆ, ಮನೆಗೆ ಅಗ್ಗವಾದ ಕೊಳವೆ ಅನಿಲವು ಹೋಟಲಿಗೂ ಅಗ್ಗವಾಗಲೇಬೇಕೆಂಬುದು. ದೇಶದ ಹಳೆಯ ಬಾವಿಗಳಿಂದ ದೊರೆಯುವ, ಸರಕಾರವು ಸೂತ್ರದಿಂದ ಬೆಲೆ ಕಟ್ಟುವ ಅನಿಲವನ್ನು ನಗರಗಳಲ್ಲಿ ಮನೆಗಳಿಗೂ ವಾಹನಗಳಿಗೂ ಮೊದಲು ಹಂಚಲಾಗುತ್ತದೆ. ೨೦೨೩ರ ಏಪ್ರಿಲಿನಲ್ಲಿ ಬಂದ ಸೂತ್ರದಂತೆ ಆ ಅನಿಲದ ಬೆಲೆ ಕಚ್ಚಾ ತೈಲದ ಬೆಲೆಯ ಶೇಕಡ ೧೦ ಎಂದು ಗೊತ್ತಾಗಿ, ಅದಕ್ಕೊಂದು ಮೇಲ್ಮಿತಿಯೂ ಏರ್ಪಟ್ಟಿತು. ವಾಣಿಜ್ಯ ಬಳಕೆದಾರರು ಈ ಹಂಚಿಕೆಯ ಹೊರಗಿನವರು. ಹೋಟಲಿಗೆ ಬರುವ ಅನಿಲದ ದರವು ಮಾರುಕಟ್ಟೆಯನ್ನೂ, ಹಡಗಿನಲ್ಲಿ ಹೊರದೇಶದಿಂದ ಬರುವ ದ್ರವೀಕೃತ ನೈಸರ್ಗಿಕ ಅನಿಲದ ಬೆಲೆಯನ್ನೂ ಅನುಸರಿಸಿ ಏರಿಳಿಯುತ್ತದೆ.

ಎರಡನೆಯ ತಪ್ಪು, ಸಿಲಿಂಡರಿನ ಬೆಲೆಯನ್ನೂ ಘನಮೀಟರಿನ ಬೆಲೆಯನ್ನೂ ನೇರವಾಗಿ ಎದುರುಬದುರು ಇಡುವುದು. ಹೋಲಿಸಬೇಕಾದುದು ಶಾಖವನ್ನು. ಸಿಲಿಂಡರಿನ ಅನಿಲದ ಒಂದು ಕಿಲೋಗ್ರಾಮಿನಲ್ಲಿ ಸುಮಾರು ೧೧,೦೦೦ ಕಿಲೋಕ್ಯಾಲೊರಿ ಶಾಖವೂ, ನೈಸರ್ಗಿಕ ಅನಿಲದ ಒಂದು ಘನಮೀಟರಿನಲ್ಲಿ ಸುಮಾರು ೮,೫೦೦ ಕಿಲೋಕ್ಯಾಲೊರಿ ಶಾಖವೂ ದೊರೆಯುವುದೆಂದು ಹಿಡಿದರೆ, ೧೯ ಕಿಲೋಗ್ರಾಮಿನ ಒಂದು ಸಿಲಿಂಡರು ೨೪ರಿಂದ ೨೫ ಘನಮೀಟರು ಕೊಳವೆ ಅನಿಲಕ್ಕೆ ಸಮ. ಇದರಿಂದ ಹೋಟಲಿನವನು ನೆನಪಿನಲ್ಲಿಡಬಹುದಾದ ಒಂದು ಸೂತ್ರ ದೊರೆಯುತ್ತದೆ: ಸಿಲಿಂಡರಿನ ಬೆಲೆಯನ್ನು ಇಪ್ಪತ್ತನಾಲ್ಕೂವರೆಯಿಂದ ಭಾಗಿಸಿದರೆ ಬರುವ ಮೊತ್ತಕ್ಕಿಂತ ಘನಮೀಟರಿನ ದರ ಕಡಿಮೆಯಿದ್ದರೆ ಕೊಳವೆಯಿಂದ ಉಳಿತಾಯ; ಹೆಚ್ಚಾಗಿದ್ದರೆ ನಷ್ಟ. ಸಿಲಿಂಡರಿನ ಬೆಲೆ ೧,೮೦೦ ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ಈ ಸಮತೋಲದ ದರ ೭೩ ರೂಪಾಯಿಯ ಆಸುಪಾಸಿನಲ್ಲಿ ನಿಲ್ಲುವುದು.

ಈ ಲೆಕ್ಕಕ್ಕೆ ಮೂರು ತಿದ್ದುಪಡಿಗಳು ಬೇಕು. ಮೊದಲನೆಯದು, ಸಿಲಿಂಡರಿನ ತಳದಲ್ಲಿ ಉಳಿಯುವ ಅನಿಲ. ದ್ರವವು ಬೇಗ ಬೇಗ ಆವಿಯಾಗುವಾಗ ಸಿಲಿಂಡರು ತಣ್ಣಗಾಗಿ ಒತ್ತಡವು ಕುಗ್ಗುತ್ತದೆ; ದೊಡ್ಡ ಉರಿ ಬೇಕಾದ ಒಲೆಗೆ ಕೊನೆಯ ಭಾಗವು ಸರಿಯಾಗಿ ಏರುವುದಿಲ್ಲ. ಬರಿಯ ಸಿಲಿಂಡರಿನ ತೂಕವು ಅದರ ಮೇಲೆಯೇ ಬರೆದಿರುವುದರಿಂದ, ಹಿಂದಿರುಗಿಸುವ ಮೊದಲು ತೂಗಿ ನೋಡಿದರೆ ನಷ್ಟದ ಪ್ರಮಾಣ ತಿಳಿಯುವುದು. ಅರ್ಧ ಕಿಲೋಗ್ರಾಂ ಉಳಿದು ಹೋದರೂ ಮೇಲಿನ ಸಮತೋಲದ ದರವು ಸುಮಾರು ಎರಡು ರೂಪಾಯಿಯಷ್ಟು ಏರಿ, ಕೊಳವೆಯ ಪಕ್ಷಕ್ಕೆ ಬಲ ಬರುತ್ತದೆ.

ಎರಡನೆಯದು ತೆರಿಗೆ. ವಾಣಿಜ್ಯ ಸಿಲಿಂಡರಿಗೆ ಶೇಕಡ ೧೮ರ ಸರಕು ಮತ್ತು ಸೇವಾ ತೆರಿಗೆಯುಂಟು. ನೈಸರ್ಗಿಕ ಅನಿಲವು ಆ ತೆರಿಗೆಯ ಹೊರಗುಳಿದು ರಾಜ್ಯದ ಮೌಲ್ಯವರ್ಧಿತ ತೆರಿಗೆಗೆ ಒಳಪಟ್ಟಿದೆ. ಸಿಲಿಂಡರಿಗೆ ಕೊಟ್ಟ ತೆರಿಗೆಯನ್ನು ಮುಂದಿನ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಕೊಳವೆ ಅನಿಲದ ತೆರಿಗೆಯನ್ನು ಕಳೆದುಕೊಳ್ಳಲಾಗದು ಎಂಬ ವಾದವು ಕಾರಖಾನೆಗಳ ಮಟ್ಟಿಗೆ ಸರಿ. ಆದರೆ ೨೦೧೭ರ ನವೆಂಬರಿನಿಂದ ಸಾಮಾನ್ಯ ಉಪಾಹಾರ ಗೃಹಗಳು ಶೇಕಡ ೫ರ ತೆರಿಗೆಯನ್ನು ಇಂತಹ ಕಳೆತದ ಸೌಲಭ್ಯವಿಲ್ಲದೆಯೇ ಕಟ್ಟುತ್ತಿವೆ. ಆದುದರಿಂದ ಸಣ್ಣ ಹೋಟಲಿಗೆ ಎರಡು ಇಂಧನಗಳ ತೆರಿಗೆಯೂ ವೆಚ್ಚವೇ. ತೆರಿಗೆ ಸೇರಿದ ಪೂರ್ತಿ ಬೆಲೆಗಳನ್ನೇ ಹೋಲಿಸಬೇಕು.

ಮೂರನೆಯದು ಕಾಲ. ವಾಣಿಜ್ಯ ಸಿಲಿಂಡರಿನ ಬೆಲೆಯನ್ನು ತೈಲ ಸಂಸ್ಥೆಗಳು ತಿಂಗಳು ತಿಂಗಳೂ ಪರಿಷ್ಕರಿಸುತ್ತವೆ. ಕೊಳವೆ ಅನಿಲದ ದರವು ಬೇರೆ ಗತಿಯಲ್ಲಿ ಬದಲಾಗುತ್ತದೆ. ಒಂದು ತಿಂಗಳ ಬೆಲೆಗಳಿಂದ ತೆಗೆದ ನಿರ್ಣಯವು ಮರುತಿಂಗಳಿಗೆ ಸುಳ್ಳಾಗಬಹುದು. ಕನಿಷ್ಠಪಕ್ಷ ಹನ್ನೆರಡು ತಿಂಗಳ ಸರಾಸರಿಯನ್ನು ನೋಡದೆ ಲಾಭನಷ್ಟವನ್ನು ಹೇಳುವುದು ಯುಕ್ತವಲ್ಲ.

೪. ಒಲೆಯ ಮಾರ್ಪಾಟು ಮತ್ತು ಬಾಡಿಗೆಯ ಅವಧಿ

ಮೀಥೇನಿನ ಶಾಖವು ಗಾತ್ರಕ್ಕೆ ಕಡಿಮೆಯಾದುದರಿಂದ, ಸಿಲಿಂಡರಿಗೆಂದು ಮಾಡಿದ ಬರ್ನರಿನಲ್ಲಿ ಅದು ಸಾಕಷ್ಟು ಉರಿಯನ್ನು ಕೊಡದು. ಅನಿಲವು ಹೊರಡುವ ರಂಧ್ರವನ್ನು ಹಿರಿದುಮಾಡಬೇಕು ಇಲ್ಲವೆ ಬರ್ನರನ್ನೇ ಬದಲಾಯಿಸಬೇಕು. ಮನೆಯ ಒಲೆಯಲ್ಲಿ ಇದು ಕೆಲವು ನಿಮಿಷಗಳ ಕೆಲಸ. ಹೋಟಲಿನಲ್ಲಿಯಾದರೋ ದೋಸೆಯ ಕಾವಲಿ, ಇಡ್ಲಿಯ ಆವಿಪಾತ್ರೆ, ವಡೆಯ ಬಾಣಲೆ, ಹಾಲು ಕಾಯಿಸುವ ಒಲೆ ಇವು ಒಂದೊಂದಕ್ಕೂ ಒಂದೊಂದು ತರದ ಉರಿ ಬೇಕು. ಅಷ್ಟೇ ಅಲ್ಲದೆ, ೧೯೮೦ರ ದಶಕದಿಂದ ಬೆಂಗಳೂರಿನಲ್ಲಿ ರೂಢಿಗೆ ಬಂದ ದರ್ಶಿನಿಗಳ ವ್ಯಾಪಾರವೆಲ್ಲ ನಿಂತು ತಿಂದುಹೋಗುವವರ ಅವಸರವನ್ನು ನೆಚ್ಚಿಕೊಂಡಿದೆ. ಬೆಳಗಿನ ಏಳರಿಂದ ಹತ್ತು ಗಂಟೆಯವರೆಗೆ ಕಾವಲಿಯ ಕಾವು ಇಳಿಯಿತೆಂದರೆ ಅಂದಿನ ವ್ಯಾಪಾರವೂ ಇಳಿಯಿತು. ಆದಕಾರಣ ಕೊಳವೆಯ ಒತ್ತಡವನ್ನು ಪರೀಕ್ಷಿಸಬೇಕಾದುದು ಮಧ್ಯಾಹ್ನದ ಬಿಡುವಿನಲ್ಲಲ್ಲ, ಆ ಬೀದಿಯ ಹೋಟಲುಗಳೂ ಮನೆಗಳೂ ಒಟ್ಟಿಗೆ ಒಲೆ ಹೊತ್ತಿಸಿರುವ ಬೆಳಗಿನ ಹೊತ್ತಿನಲ್ಲಿ.

ಮಾರ್ಪಾಟಿನ ವೆಚ್ಚವು ಸಣ್ಣವರ ಮೇಲೆ ಹೇಗೆ ಹೆಚ್ಚು ಭಾರವಾಗುವುದೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಘನಮೀಟರಿಗೆ ಐದು ರೂಪಾಯಿ ಉಳಿಯುವುದೆಂದು ಇಟ್ಟುಕೊಳ್ಳೋಣ. ತಿಂಗಳಿಗೆ ೨೦ ಸಿಲಿಂಡರು ಉರಿಸುತ್ತಿದ್ದ ಹೋಟಲಿಗೆ ತಿಂಗಳಿಗೆ ಸುಮಾರು ೨,೪೫೦ ರೂಪಾಯಿ ಉಳಿಯುವುದು. ಒಳಗಿನ ಕೊಳವೆಗೂ ಬರ್ನರುಗಳಿಗೂ ೫೦,೦೦೦ ರೂಪಾಯಿ ತಗುಲಿದ್ದರೆ ಅದು ಇಪ್ಪತ್ತು ಇಪ್ಪತ್ತೊಂದು ತಿಂಗಳಲ್ಲಿ ಹಿಂದಿರುಗುತ್ತದೆ. ತಿಂಗಳಿಗೆ ಐದೇ ಸಿಲಿಂಡರು ಉರಿಸುವ ಅಂಗಡಿಗೆ ಉಳಿಯುವುದು ಸುಮಾರು ೬೧೦ ರೂಪಾಯಿ. ಅವನ ವೆಚ್ಚವು ೨೦,೦೦೦ ರೂಪಾಯಿಗೆ ಇಳಿದರೂ ಅದು ಹಿಂದಿರುಗಲು ಮೂರು ವರ್ಷಕ್ಕೆ ಸಮೀಪದ ಕಾಲ ಬೇಕು. ಬಾಡಿಗೆಯ ಕರಾರು ಬಹುವೇಳೆ ಹನ್ನೊಂದು ತಿಂಗಳಿನದು. ಮಳಿಗೆಯನ್ನು ಬಿಟ್ಟೇಳಬೇಕಾದಾಗ ಠೇವಣಿಯ ಹಣ ಕೈಗೆ ಬಂದರೂ ಗೋಡೆಗೆ ಸೇರಿದ ಕೊಳವೆಯು ಕಟ್ಟಡದ ಒಡೆಯನಿಗೆ ಉಳಿಯುತ್ತದೆ. ಸಂಪರ್ಕಕ್ಕೆ ಮೊದಲು ಆ ಒಡೆಯನ ಒಪ್ಪಿಗೆಯೂ ಬೇಕು. ಸ್ವಂತ ಕಟ್ಟಡವುಳ್ಳ ದೊಡ್ಡ ಹೋಟಲಿಗೆ ಲಾಭಕರವಾದ ಯೋಜನೆಯು ಪಕ್ಕದ ಬಾಡಿಗೆಯ ಅಂಗಡಿಗೆ ನಷ್ಟಕರವಾಗಬಹುದೆಂಬುದು ಇದರಿಂದ ಸ್ಪಷ್ಟಪಡುವುದು. ತಳ್ಳುಗಾಡಿಯ ವ್ಯಾಪಾರಿಗೆ ನೆಲೆಯೇ ಇಲ್ಲದ ಕಾರಣ ಕೊಳವೆಯ ಪ್ರಸ್ತಾಪವೇ ಏಳುವುದಿಲ್ಲ.

೫. ಅಪಾಯ, ಹೊಗೆ, ಅವಲಂಬನ

ಸೋರಿದ ಸಿಲಿಂಡರಿನ ಅನಿಲವು ನೆಲಕ್ಕೆ ಇಳಿದು, ಮೋರಿಗಳಲ್ಲಿಯೂ ತಗ್ಗುಗಳಲ್ಲಿಯೂ ನಿಲ್ಲುತ್ತದೆ. ಗಾಳಿಯಲ್ಲಿ ಅದು ಶೇಕಡ ಎರಡರಷ್ಟು ಬೆರೆತರೂ ಹೊತ್ತಿಕೊಳ್ಳಬಲ್ಲದು. ನೈಸರ್ಗಿಕ ಅನಿಲವು ಮೇಲಕ್ಕೆ ಏರುತ್ತದೆ. ಹೊತ್ತಿಕೊಳ್ಳಲು ಶೇಕಡ ಐದರಷ್ಟಾದರೂ ಬೆರೆಯಬೇಕು. ಈ ಕಾರಣದಿಂದ ಎರಡನೆಯದನ್ನು ಹೆಚ್ಚು ಸುರಕ್ಷಿತವೆನ್ನುವುದು ಸರಿಯೇ, ಆದರೆ ಒಂದು ನಿಬಂಧನೆಯೊಡನೆ: ಮೇಲೆ ಗಾಳಿಯಾಡುವ ಕಿಂಡಿಯಿರಬೇಕು. ಕಿಂಡಿಯಿಲ್ಲದೆ ತೂಗುಚಾವಣಿ ಹೊದಿಸಿದ ಅಡಿಗೆಮನೆಯಲ್ಲಿ ಅದು ಮೇಲೆಯೇ ಶೇಖರವಾಗುತ್ತದೆ. ಸೋರಿಕೆಯನ್ನು ಸಾರುವ ಯಂತ್ರವು ಸಿಲಿಂಡರಿನ ಕಾಲದಲ್ಲಿ ನೆಲದ ಬಳಿಯಿದ್ದರೆ, ಕೊಳವೆ ಬಂದ ಮೇಲೆ ಆ ಅನಿಲಕ್ಕೆ ತಕ್ಕ ಯಂತ್ರವನ್ನು ಚಾವಣಿಯ ಬಳಿಯಿಡಬೇಕು. ಎರಡು ಇಂಧನಗಳನ್ನೂ ಇಟ್ಟುಕೊಂಡ ಹೋಟಲಿಗೆ ಎರಡೂ ಕಡೆ ಬೇಕು. ಪರೀಕ್ಷಕನು ಇದನ್ನು ಕಣ್ಣಾರೆ ನೋಡಿ ಬರೆದುಕೊಳ್ಳಬೇಕು. ಪರವಾನಗಿಯಿಲ್ಲದೆ ೧೦೦ ಕಿಲೋಗ್ರಾಂವರೆಗೆ, ಎಂದರೆ ಐದು ವಾಣಿಜ್ಯ ಸಿಲಿಂಡರುಗಳವರೆಗೆ, ದಾಸ್ತಾನು ಮಾಡಲು ನಿಯಮವು ಅವಕಾಶ ಕೊಡುತ್ತದೆ. ಇಕ್ಕಟ್ಟಾದ ಅಡಿಗೆಮನೆಯಲ್ಲಿ ಈ ದಾಸ್ತಾನು ಇಲ್ಲವಾಗುವುದೂ ತೆರವಾದ ಸ್ಥಳವೂ ಬೆಲೆಯ ಲೆಕ್ಕಕ್ಕೆ ಬಾರದ ಲಾಭಗಳು.

ವಾಯುಶುದ್ಧಿಯ ಲಾಭವು ಹಿಂದೆ ಯಾವ ಇಂಧನವಿತ್ತೆಂಬುದನ್ನು ಅವಲಂಬಿಸಿದೆ. ಸಮಾನ ಶಾಖಕ್ಕೆ ನೈಸರ್ಗಿಕ ಅನಿಲದಿಂದ ಹೊರಡುವ ಇಂಗಾಲದ ಡೈಆಕ್ಸೈಡು ಸಿಲಿಂಡರಿನ ಅನಿಲದಿಂದ ಹೊರಡುವುದಕ್ಕಿಂತ ಶೇಕಡ ೧೧ರಷ್ಟು ಕಡಿಮೆ. ಸುಡದೆ ಸೋರಿಹೋದ ಮೀಥೇನ್ ವಾತಾವರಣವನ್ನು ಬಲವಾಗಿ ಕಾಯಿಸುವುದರಿಂದ ಈ ಅಲ್ಪಲಾಭವೂ ಸೋರಿಕೆಯಲ್ಲಿ ಕರಗಬಹುದು. ಕಟ್ಟಿಗೆ ಅಥವಾ ಇದ್ದಲಿನ ಒಲೆಯನ್ನು ಬಿಟ್ಟು ಬಂದ ಅಡಿಗೆಮನೆಯಲ್ಲಿ ಮಾತ್ರ ಲಾಭವು ಬಹಳ ದೊಡ್ಡದು. ಅಲ್ಲಿ ಮೊದಲು ಉಸಿರು ಹಗುರಾಗುವುದು ಅಡಿಗೆಯವನದು. ಮುಂಬಯಿಯ ಉಚ್ಚ ನ್ಯಾಯಾಲಯವು ೨೦೨೫ರ ಜನವರಿಯಲ್ಲಿ, ಕಟ್ಟಿಗೆ ಮತ್ತು ಕಲ್ಲಿದ್ದಲು ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಅನಿಲಕ್ಕೋ ಬೇರೆ ಶುದ್ಧ ಇಂಧನಕ್ಕೋ ಬದಲಾಗಬೇಕೆಂದು ಆಜ್ಞಾಪಿಸಿದುದಕ್ಕೆ ಇದೇ ಕಾರಣ. ಆದರೆ ಬೇಕರಿಯವನಿಗೆ ಇದು ರಂಧ್ರವನ್ನು ಹಿರಿದುಮಾಡುವ ಕೆಲಸವಲ್ಲ. ಭಟ್ಟಿಯನ್ನೇ ಹೊಸದಾಗಿ ಕಟ್ಟಿಸಬೇಕು. ಸ್ವಇಚ್ಛೆಯಿಂದ ಸೇರುವ ಯೋಜನೆಯಲ್ಲಿ ವೆಚ್ಚ ತಾಳದವನು ಹೊರಗೆ ನಿಲ್ಲಬಹುದು. ಕಡ್ಡಾಯವಾದಲ್ಲಿ ಅವನು ಅಂಗಡಿ ಮುಚ್ಚಬೇಕಾದೀತು. ಆದುದರಿಂದ ಕಡ್ಡಾಯದ ಯೋಜನೆಯಲ್ಲಿ ಮುಚ್ಚಿಹೋದ ಅಂಗಡಿಗಳ ಲೆಕ್ಕವೂ ಫಲಪರೀಕ್ಷೆಯ ಅಂಗವಾಗಬೇಕು.

ಇನ್ನು ಅವಲಂಬನದ ವಿಷಯ. ಸಿಲಿಂಡರನ್ನು ಮಾರುವ ಸಂಸ್ಥೆಗಳು ಹಲವು. ಕೊಳವೆಯನ್ನು ಹಾಸುವ ವಿಶೇಷಾಧಿಕಾರವು ಒಂದು ಪ್ರದೇಶಕ್ಕೆ ಒಂದೇ ಸಂಸ್ಥೆಗೆ ೨೫ ವರ್ಷಗಳ ಕಾಲ ಇರುತ್ತದೆ. ೨೦೨೨ರಲ್ಲಿ ಹೊರದೇಶದ ಅನಿಲದ ಬೆಲೆಯು ಬಹಳವಾಗಿ ಏರಿದಾಗ ಗುಜರಾತಿನ ಮೋರ್ಬಿಯ ಹೆಂಚು ಕಾರಖಾನೆಗಳಲ್ಲಿ ಅನೇಕವು ಕೊಳವೆಯನ್ನು ಬಿಟ್ಟು ಪ್ರೊಪೇನ್‌ಗೆ ತಿರುಗಿದವು. ಎರಡು ಇಂಧನಗಳಿಗೂ ಸಜ್ಜು ಮಾಡಿಕೊಳ್ಳುವ ಶಕ್ತಿ ಅವುಗಳಿಗಿತ್ತು. ಹಳೆಯ ಬರ್ನರುಗಳನ್ನು ಮಾರಿ ಸಿಲಿಂಡರಿನ ಠೇವಣಿಯನ್ನು ಹಿಂದಕ್ಕೆ ಪಡೆದ ಸಣ್ಣ ಹೋಟಲಿಗೆ ಹಾಗೆ ತಿರುಗುವುದು ಸುಲಭವಲ್ಲ. ಸಿಲಿಂಡರೂ ಪೂರ್ಣವಾಗಿ ನೆಚ್ಚಬಹುದಾದುದೇನಲ್ಲ; ಅದರ ಅನಿಲದಲ್ಲಿ ಸುಮಾರು ಶೇಕಡ ೬೦ ಭಾಗವೂ ನೈಸರ್ಗಿಕ ಅನಿಲದಲ್ಲಿ ಸುಮಾರು ಅರ್ಧ ಭಾಗವೂ ಹೊರದೇಶದಿಂದಲೇ ಬರುತ್ತವೆ.

೬. ಪರೀಕ್ಷೆಯ ಕ್ರಮ

ಮೇಲಿನ ವಿವೇಚನೆಯಿಂದ ಪರೀಕ್ಷೆಯ ಕ್ರಮವು ತಾನಾಗಿಯೇ ಹೊರಡುತ್ತದೆ. ಮೊದಲನೆಯದಾಗಿ, ಕೊಳವೆ ಬರುವುದಕ್ಕೆ ಮುಂಚಿನ ಸ್ಥಿತಿಯನ್ನು ಬರೆದಿಡಬೇಕು: ತಿಂಗಳ ಇಂಧನ, ಅದರ ವೆಚ್ಚ, ಸಿಲಿಂಡರು ತಡವಾಗಿ ಒಲೆ ನಿಂತ ತಾಸುಗಳು. ಇಲ್ಲೊಂದು ಎಚ್ಚರಿಕೆ ಬೇಕು. ಮನೆಯ ಸಿಲಿಂಡರನ್ನು ಹೋಟಲಿನಲ್ಲಿ ಉರಿಸುವುದನ್ನು ೨೦೦೦ದ ಆಜ್ಞೆಯು ನಿಷೇಧಿಸಿದ್ದರೂ ಆ ರೂಢಿಯು ಪೂರ್ತಿ ಅಳಿದಿಲ್ಲ. ಅಂತಹ ಅಂಗಡಿಯಲ್ಲಿ ಕೊಳವೆಯು ವೆಚ್ಚವನ್ನು ಏರಿಸಿದಂತೆ ಕಂಡರೆ, ಅದು ಕೊಳವೆಯ ದೋಷವೋ ಹಿಂದಿನ ಅಕ್ರಮದ ಅಗ್ಗವೋ ಎಂಬುದನ್ನು ವಿಂಗಡಿಸಬೇಕು.

ಎರಡನೆಯದಾಗಿ, ಹೋಲಿಕೆಗೆ ತಕ್ಕವರನ್ನು ಆರಿಸಬೇಕು. ಸಂಪರ್ಕ ಪಡೆದವರನ್ನೂ ಪಡೆಯದವರನ್ನೂ ಹಾಗೆಯೇ ಹೋಲಿಸಿದರೆ ಮೋಸಹೋದಂತೆ. ಮೊದಲು ಸಂಪರ್ಕ ಪಡೆಯುವವರು ಸ್ವಂತ ಕಟ್ಟಡವುಳ್ಳವರು, ಹೆಚ್ಚು ವ್ಯಾಪಾರವುಳ್ಳವರು. ಅವರ ಏಳಿಗೆಯನ್ನು ಕೊಳವೆಯ ಫಲವೆಂದು ಬರೆಯುವುದು ಕಾರಣವನ್ನೂ ಕಾರ್ಯವನ್ನೂ ತಲೆಕೆಳಗು ಮಾಡಿದಂತಾಗುವುದು. ಕೊಳವೆಯು ಬೀದಿಯಿಂದ ಬೀದಿಗೆ ಕ್ರಮವಾಗಿ ಸಾಗುವುದರಿಂದ, ಈ ವರ್ಷ ಕೊಳವೆ ಬಂದ ಬೀದಿಯ ಎಲ್ಲ ಹೋಟಲುಗಳನ್ನೂ ಮುಂದಿನ ವರ್ಷ ಬರಲಿರುವ ಬೀದಿಯ ಎಲ್ಲ ಹೋಟಲುಗಳೊಡನೆ ಹೋಲಿಸುವುದು ಇದಕ್ಕಿಂತ ನ್ಯಾಯವಾದ ಮಾರ್ಗ.

ಮೂರನೆಯದಾಗಿ, ಲೆಕ್ಕದ ಮೂಲಮಾನವು ಸಂಪರ್ಕವಾಗಿರದೆ ಒಲೆಯಾಗಿರಬೇಕು. ಸಂಪರ್ಕವಿದ್ದೂ ಸಿಲಿಂಡರನ್ನೇ ಉರಿಸುವ ಹೋಟಲುಗಳಿರಬಹುದು. ಒಂದು ಒಲೆಗೆ ಕೊಳವೆ, ಮೂರು ಒಲೆಗೆ ಸಿಲಿಂಡರು ಎಂಬ ಮಿಶ್ರ ಸ್ಥಿತಿಯೂ ಇರಬಹುದು. ಮೀಟರಿನಲ್ಲಿ ಓಡಿದ ಘನಮೀಟರುಗಳನ್ನು ಹೋಟಲಿನ ಒಟ್ಟು ಶಾಖದ ಅಗತ್ಯದೊಡನೆ ಇಟ್ಟು ನೋಡಿದರೆ ನಿಜವು ತಿಳಿಯುವುದು. ಒಪ್ಪಂದದಲ್ಲಿ ಕನಿಷ್ಠ ಬಳಕೆಯ ಶುಲ್ಕವಿದ್ದರೆ, ಅಂಗಡಿ ಮುಚ್ಚಿದ ದಿನಗಳಿಗೂ ಹಣ ಕಟ್ಟಬೇಕಾಯಿತೇ ಎಂಬುದನ್ನೂ ವಿಚಾರಿಸಬೇಕು.

ನಾಲ್ಕನೆಯದಾಗಿ, ಫಲವನ್ನು ಗಾತ್ರದ ಪ್ರಕಾರ ಬಿಡಿಸಿ ಹೇಳಬೇಕು. ದೊಡ್ಡ ಹೋಟಲುಗಳು ಅನಿಲವನ್ನು ಹೆಚ್ಚು ಉರಿಸುವುದರಿಂದ ಒಟ್ಟು ಸರಾಸರಿಯು ಅವುಗಳ ಕಡೆಗೇ ವಾಲುತ್ತದೆ. ಅದರೊಳಗೆ ಐದು ಸಿಲಿಂಡರಿನವನ ನಷ್ಟವು ಕಾಣದೆ ಹೋಗುವುದು. ಬಾಡಿಗೆಯವರು ಎಷ್ಟು ಮಂದಿ, ಎರಡು ವರ್ಷಗಳ ಬಳಿಕವೂ ಸಂಪರ್ಕವನ್ನು ಉಳಿಸಿಕೊಂಡವರು ಎಷ್ಟು, ಬಿಟ್ಟವರು ಏಕೆ ಬಿಟ್ಟರು ಎಂಬುದನ್ನು ಬೇರೆ ಬೇರೆ ಕಲಮುಗಳಲ್ಲಿ ಬರೆಯಬೇಕು.

ಇಂತಹ ಪರೀಕ್ಷೆಯಿಂದ ಕೊಳವೆ ಅನಿಲಕ್ಕೆ ಅಪಕೀರ್ತಿ ಬರುವುದೆಂದು ಭಾವಿಸಬೇಕಾಗಿಲ್ಲ. ಕಟ್ಟಿಗೆಯ ಭಟ್ಟಿಯಿರುವಲ್ಲಿ, ಸಿಲಿಂಡರುಗಳನ್ನಿಡಲು ಸ್ಥಳವಿಲ್ಲದಲ್ಲಿ, ಬಹಳ ಇಂಧನ ಬೇಕಾಗಿ ನೆಲೆಯೂ ಸ್ಥಿರವಾಗಿರುವಲ್ಲಿ ಅದರ ಉಪಯೋಗವು ಸ್ಪಷ್ಟವಾಗಿ ಕಾಣಬರುವುದು. ಉಳಿದೆಡೆಗಳಲ್ಲಿ ಏನು ಮಾಡಬೇಕೆಂಬುದಕ್ಕೂ ಅದೇ ಪರೀಕ್ಷೆಯು ದಾರಿ ತೋರುವುದು: ಒಳಗಿನ ಕೊಳವೆಯ ವೆಚ್ಚವನ್ನು ಕಂತುಗಳಲ್ಲಿ ಕಟ್ಟುವ ಏರ್ಪಾಟು, ಬಾಡಿಗೆಯವನು ಹೊರಟಾಗ ಕಟ್ಟಡದ ಒಡೆಯನು ಆ ವೆಚ್ಚದಲ್ಲಿ ಪಾಲು ಹಿಂದಿರುಗಿಸುವ ಕರಾರು, ಮೊದಲ ವರ್ಷ ಹಳೆಯ ಬರ್ನರುಗಳನ್ನು ಮಾರದೆ ಇಟ್ಟುಕೊಳ್ಳುವ ವಿವೇಕ. ಇವುಗಳಲ್ಲಿ ಯಾವುದು ಯಾವ ಬೀದಿಗೆ ಹೊಂದುವುದೆಂಬುದನ್ನು ಆ ಬೀದಿಯ ಅಡಿಗೆಮನೆಗಳ ಲೆಕ್ಕದ ಪುಸ್ತಕಗಳನ್ನು ನೋಡಿಯೇ ನಿರ್ಣಯಿಸಬೇಕಾಗುವುದು.